ಹೊನ್ನಮ್ಮನವರ ಸ್ಲೈಡರ್

ನನಗೊಂದು ಚಾಳಿ ಇದೆ. ಕಂಪ್ಯೂಟರ್ ಪರದೆಯ ಮೇಲೆ ಎಲ್ಲಾದರೂ ಸ್ಲೈಡರ್ ಕಂಡರೆ ನಾನು ಅದನ್ನು ಮೌಸ್ ಹಿಡಿದು ಎಳೆಯುವುದಿಲ್ಲ. ಸ್ಲೈಡರ್ ಅಂದರೆ ನಿಮಗೆ ಗೊತ್ತೇ ಇದೆ: ಒಂದು ಉದ್ದ ಗೆರೆ, ಗೆರೆಯ ಮೇಲೊಂದು ಗುಂಡಿ, ಗುಂಡಿಯನ್ನು ಆಚೆ ಈಚೆ ಜರುಗಿಸಿದರೆ ಹಾಡಿನ ಸದ್ದೋ ಪರದೆಯ ಬೆಳಕೋ ಹೆಚ್ಚುಕಡಿಮೆಯಾಗುತ್ತದೆ. ಲೋಕವೆಲ್ಲ ಅದನ್ನು ಸರಕ್ಕನೆ ಎಳೆದು ಮುಂದಿನ ಕೆಲಸ ನೋಡಿಕೊಳ್ಳುತ್ತದೆ. ನಾನು ಮಾತ್ರ ಅದರ ಮೇಲೊಮ್ಮೆ ಕ್ಲಿಕ್ ಮಾಡಿ, ಕೀಬೋರ್ಡಿನ ಬಾಣದ ಗುರುತಿನ ಕೀಯನ್ನು ಟಕ್ ಟಕ್ ಎಂದು ಒತ್ತುತ್ತ, ಗುಂಡಿಯನ್ನು ಒಂದೊಂದೇ ಹೆಜ್ಜೆ ನಡೆಸಿಕೊಂಡು ಹೋಗುತ್ತೇನೆ.

ಕುಂದಲಹಳ್ಳಿಯ ನಮ್ಮ ಆಫೀಸಿನಲ್ಲಿ ಇದೊಂದು ತಮಾಷೆಯ ವಿಷಯ. ಮೀಟಿಂಗಿನಲ್ಲಿ ಸ್ಪೀಕರಿನ ಸದ್ದು ಏರಿಸಬೇಕಾದಾಗ ನನ್ನ ಟಕ್ ಟಕ್ ಮುಗಿಯುವವರೆಗೆ ಎಲ್ಲರೂ ಕಾಯುತ್ತ ಕೂತಿರುತ್ತಾರೆ. "ಮೇಡಂ, ಎಳೀರಿ ಮೇಡಂ, ಏನೂ ಕಿತ್ಕೊಂಡ್ ಬರಲ್ಲ" ಎಂದು ಪಕ್ಕದ ಸೀಟಿನ ಕಿರಣ ನಗುತ್ತಾನೆ. ಏನೂ ಕಿತ್ತು ಬರುವುದಿಲ್ಲ ಎಂಬುದು ಅವನ ನಂಬಿಕೆ. ನಾನಾದರೋ ಕಿತ್ತು ಬಂದದ್ದನ್ನು ಕಣ್ಣಾರೆ ಕಂಡವಳು.

ಜರುಗುವ ವಸ್ತುಗಳಿಗೂ ನನಗೂ ಮೊದಲಿನಿಂದಲೇ ಅಷ್ಟಕ್ಕಷ್ಟೆ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಜಾಲಹಳ್ಳಿಯ ಕಡೆಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನಡುಮನೆಯ ಗೋಡೆಗೂಡಿನಲ್ಲಿ, ಅಮ್ಮ ಹೆಣೆದ ಕ್ರೋಶಾ ಬಟ್ಟೆ ಹೊದ್ದುಕೊಂಡು ಒಂದು ರೇಡಿಯೋ ಕೂತಿರುತ್ತಿತ್ತು. ಅದರ ಗಾಜಿನೊಳಗೆ ಒಂದು ಕೆಂಪು ಮುಳ್ಳು. ತಿರುಪು ತಿರುಗಿಸಿದರೆ ಮುಳ್ಳು ಮೆಲ್ಲಗೆ ಜರುಗುತ್ತಿತ್ತು, ಕರಕರ ಸದ್ದು ಕಳೆದು ಹಾಡು ಬರುತ್ತಿತ್ತು. ಹಾಡುಗಳು ಗಾಜಿನ ಹಿಂದೆ ಅಲ್ಲಲ್ಲಿ ಮನೆ ಮಾಡಿಕೊಂಡಿವೆ, ಮುಳ್ಳು ಹೋಗಿ ಒಂದೊಂದರ ಬಾಗಿಲು ಬಡಿಯುತ್ತದೆ ಎಂದು ನಾನು ನಂಬಿದ್ದೆ. ಹಾಗಿದ್ದ ಮೇಲೆ ಇಷ್ಟು ಹೊತ್ತು ತಿರುಪು ತಿರುಗಿಸುವುದೇಕೆ? ಒಂದು ಭಾನುವಾರ ಅಪ್ಪ ಸ್ನಾನಕ್ಕೆ ಹೋದಾಗ, ಅಮ್ಮನ ಹೇರ್‌ಪಿನ್ನನ್ನು ಗಾಜಿನ ಸಂದಿಯಲ್ಲಿ ತೂರಿಸಿ ಮುಳ್ಳನ್ನೇ ನೇರವಾಗಿ ನೂಕಿದೆ. ಮುಳ್ಳು ಹೋಯಿತು, ಹಾಡು ಬರಲಿಲ್ಲ. ಒಳಗೆ ಏನೋ ಟಪ್ಪೆಂದಿತು. ಆಮೇಲೆ ತಿರುಪು ಎಷ್ಟು ತಿರುಗಿಸಿದರೂ ಮುಳ್ಳು ಅಲ್ಲಾಡಲಿಲ್ಲ.

ಅಪ್ಪ ಬೈಯಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡೇ ರೇಡಿಯೋದ ಹಿಂಬದಿ ಬಿಚ್ಚಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಒಳಗೆ ಸಣ್ಣ ಸಣ್ಣ ರಾಟೆಗಳ ಮೇಲೆ ಒಂದು ದಾರ ಹಾದುಹೋಗಿತ್ತು. "ನೋಡು ಪುಟ್ಟಿ, ಮುಳ್ಳು ಏನೂ ಮಾಡಲ್ಲ. ಅದು ಬರೀ ತೋರ್ಸತ್ತೆ. ಕೆಲ್ಸ ಮಾಡೋದು ಈ ದಾರ" ಅಂದರು. ಮಧ್ಯಾಹ್ನದ ಊಟವಾಗುವವರೆಗೂ ಅಪ್ಪ ದಾರ ಸುತ್ತಿದರು, ನಾನು ರಾಟೆಯನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದೆ.

ಇಷ್ಟು ಒಳ್ಳೆಯ ಪಾಠ ಸಿಕ್ಕವಳು ಮುಂದೆ ಬುದ್ಧಿವಂತೆಯಾಗಬೇಕಿತ್ತು. ನಾನು ಪ್ರೋಗ್ರಾಮರ್ ಆದೆ.

ನನ್ನ ಮೊದಲ ಕೆಲಸ ರಾಜಾಜಿನಗರದಲ್ಲಿ, ಒಂದು ಪುಸ್ತಕದಂಗಡಿಯ ಮೇಲಿನ ಎರಡು ಕೋಣೆಯ ಕಂಪನಿಯಲ್ಲಿ. ಪೀಣ್ಯದ ಸಣ್ಣ ಸಣ್ಣ ಕಾರ್ಖಾನೆಗಳಿಗೆ ಬೇಕಾದ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವುದು ನಮ್ಮ ಕಸುಬು. ಅಲ್ಲಿ ನನಗೆ ಸಿಕ್ಕ ಮೊದಲ ಸ್ವತಂತ್ರ ಕೆಲಸ ಶ್ರೀಕಂಠಯ್ಯ ಎಂಬವರ ಯೂನಿಟ್ಟಿನದು. ಅವರು ತಾಮ್ರದ ತಂತಿ ಸುತ್ತಿ ಕಾಯಿಲ್ ಮಾಡಿಸುತ್ತಿದ್ದರು. ಕೂದಲೆಳೆಯಷ್ಟು ಸಪೂರ ತಂತಿ. ಅದನ್ನು ಬಾಬಿನ್ ಎಂಬ ಬೆರಳುದ್ದದ ಉರುಳೆಗೆ ಸಾವಿರಾರು ಸುತ್ತು ಸುತ್ತಬೇಕು. ಅಷ್ಟು ದಿನ ಅದು ಕಾಲಿನ ಪೆಡಲ್ ಒತ್ತಿ ನಡೆಸುವ ಯಂತ್ರಗಳಲ್ಲಿ ನಡೆಯುತ್ತಿತ್ತು. ಈಗ ಅವರು ಒಂದು ಹೊಸ ಯಂತ್ರ ತರಿಸಿದ್ದರು. ಅದಕ್ಕೆ ಪೆಡಲ್ ಇಲ್ಲ. ಪಕ್ಕದ ಕಂಪ್ಯೂಟರಿನಿಂದ ಒಂದು ಕೇಬಲ್ ಹೋಗುತ್ತದೆ, ಯಂತ್ರ ಎಷ್ಟು ವೇಗದಲ್ಲಿ ತಿರುಗಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಆ ಕಂಪ್ಯೂಟರಿಗೆ ಹೇಳುವುದು ಹೇಗೆ? ಪರದೆಯ ಮೇಲಿನ ಸ್ಲೈಡರಿನಿಂದ. ಆ ಸ್ಲೈಡರ್ ಬರೆಯುವುದು ನನ್ನ ಪಾಲಿಗೆ ಬಂತು.

ಎಷ್ಟು ಚೆಂದ ಬರೆದೆ ಅಂತೀರಿ! ವೇಗ ಹೆಚ್ಚಿದಂತೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುವ ಗೆರೆ, ನೆರಳು ಬೀಳುವ ಗುಂಡಿ. ಮನೆಗೆ ತಂದು ಅಪ್ಪನಿಗೂ ತೋರಿಸಿದೆ. ಆಗ ಅವರು ರಿಟೈರ್ ಆಗಿದ್ದರು. ಕನ್ನಡಕ ಏರಿಸಿ ನೋಡಿ, ಎಳೆದು ನೋಡಿ, "ಸರಿ, ಇದರ ದಾರ ಎಲ್ಲಿದೆ?" ಅಂದರು.

"ದಾರ ಇಲ್ಲಪ್ಪ, ಇದು ಸಾಫ್ಟ್‌ವೇರು."

"ದಾರ ಇಲ್ದೆ ಹೆಂಗ್ ನಡ್ಯತ್ತೆ?"

ವಯಸ್ಸಾಯಿತು ಪಾಪ, ಎಂದುಕೊಂಡೆ. ನನಗಾಗ ಇಪ್ಪತ್ತಮೂರು.

ಯೂನಿಟ್ಟಿನಲ್ಲಿ ಪ್ರೋಗ್ರಾಂ ಹಾಕಿದ ದಿನ ಮೊದಲು ನಾನೇ ನಡೆಸಿ ತೋರಿಸಿದೆ. ಗುಂಡಿಯನ್ನು ಮೆಲ್ಲಗೆ, ದೇವರ ದೀಪ ಜರುಗಿಸುವಷ್ಟು ಎಚ್ಚರದಿಂದ ಜರುಗಿಸಿದೆ. ತಂತಿ ಪೋಣಿಸದ ಯಂತ್ರ ಗುಂಯ್ ಎಂದು ತಿರುಗಿತು. ಶ್ರೀಕಂಠಯ್ಯ ತಲೆದೂಗಿದರು. "ಹೊನ್ನಮ್ಮಾ, ಬನ್ನಿ, ಇನ್ನು ಇದು ನಿಮ್ದೇ" ಎಂದು ಕರೆದರು.

ಹೊನ್ನಮ್ಮ ಆ ಯೂನಿಟ್ಟಿನ ಹಿರಿಯ ಕೆಲಸಗಾರ್ತಿ. ಕುಣಿಗಲ್ ಕಡೆಯವರು, ಲಗ್ಗೆರೆಯಲ್ಲಿ ಮನೆ. ವಯಸ್ಸು ಐವತ್ತರ ಹತ್ತಿರ. ಕಷ್ಟದ ಕಾಯಿಲ್‌ಗಳೆಲ್ಲ ಅವರ ಕೈಗೇ ಬರುತ್ತಿದ್ದವಂತೆ. ತಂತಿ ಸುತ್ತುವಾಗ ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಬಟ್ಟೆಯ ಚೂರು ಇಟ್ಟುಕೊಂಡು, ಅದರೊಳಗಿಂದ ತಂತಿ ಹಾಯುವಂತೆ ಮೆತ್ತಗೆ ಹಿಡಿದಿರುತ್ತಿದ್ದರು. ಅವರು ಕುರ್ಚಿಯಲ್ಲಿ ಕೂತರು, ಎಡಗೈಯಲ್ಲಿ ತಂತಿ ಹಿಡಿದರು, ಬಲಗೈಯಲ್ಲಿ ಮೌಸ್ ಹಿಡಿದು ಗುಂಡಿಯನ್ನು ಸರ್ರನೆ ಮೇಲೆ ಎಳೆದರು. ತಂತಿ ಬಿಗಿಯಾದದ್ದು ಬೆರಳಿಗೆ ಗೊತ್ತಾಗಿ ಅಷ್ಟೇ ಬೇಗ ಕೆಳಗೆ ಎಳೆದರು. ಯಂತ್ರ ಮಾತ್ರ ಏರುತ್ತಲೇ ಹೋಯಿತು. ಗುಂಡಿ ಕೆಳಗಿದೆ, ಯಂತ್ರ ಮೇಲೇರುತ್ತಿದೆ. ತಂತಿ ಪಟ್ಟೆಂದು ತುಂಡಾಯಿತು. ಆಮೇಲೆ, ಯಾರಿಗೂ ಬೇಡವಾದ ಮೇಲೆ, ಯಂತ್ರ ಮೆಲ್ಲಗೆ ಇಳಿದು ನಿಂತಿತು.

ಮತ್ತೆ ತಂತಿ ಪೋಣಿಸಿದರು. ಮತ್ತೆ ತುಂಡಾಯಿತು. ಊಟದ ಹೊತ್ತಿಗೆ ಐದು ಕಾಯಿಲ್ ಹಾಳಾಗಿದ್ದವು.

"ನಾ ನಿಲ್ಸುದ್ರೂ ಅದು ನಿಲ್ತಿಲ್ಲ ಸಾರ್" ಅಂದರು ಹೊನ್ನಮ್ಮ. "ನಾ ಇಳ್ಸಿದ್ಮೇಲೂ ಏರ್ತದೆ."

ಶ್ರೀಕಂಠಯ್ಯ ನನ್ನ ಮುಖ ನೋಡಿದರು. "ಏನಮ್ಮಾ? ನೀವು ಮಾಡ್ದಾಗ ಸರಿ ಇತ್ತಲ್ಲ?"

ನೋಡಿ, ಈ ಪ್ರಶ್ನೆಗೆ "ಗೊತ್ತಿಲ್ಲ, ನೋಡ್ತೀನಿ ಸಾರ್" ಎಂದಿದ್ದರೆ ಸಾಕಿತ್ತು. ಆದರೆ ನನ್ನ ಬಾಯಿಂದ ಬಂದದ್ದೇ ಬೇರೆ. "ಅವರಿಗೆ ಮೌಸ್ ಅಭ್ಯಾಸ ಇಲ್ಲ ಅನ್ಸತ್ತೆ ಸಾರ್. ಸ್ವಲ್ಪ ಪ್ರಾಕ್ಟೀಸ್ ಬೇಕಾಗತ್ತೆ" ಅಂದೆ.

ಹೊನ್ನಮ್ಮ ತುಂಡಾದ ತಂತಿಯನ್ನು ಯಂತ್ರದಿಂದ ಬಿಡಿಸತೊಡಗಿದರು. ಶ್ರೀಕಂಠಯ್ಯ ಕೆಟ್ಟವರಲ್ಲ. "ಹೋಗ್ಲಿ ಬಿಡಿ ಹೊನ್ನಮ್ಮಾ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ತಾಪತ್ರಯ. ಪ್ಯಾಕಿಂಗಿಗೆ ಹೋಗಿ. ಇದಕ್ಕೆ ಕಂಪ್ಯೂಟರ್ ಬರೋರನ್ನ ಯಾರನ್ನಾದ್ರೂ ನೋಡ್ತೀನಿ" ಅಂದರು. ಹೊನ್ನಮ್ಮ ಎದ್ದು, ಬಟ್ಟೆಯ ಚೂರನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಮಾರನೆಯ ದಿನ ಆಫೀಸಿನಲ್ಲಿ ನನ್ನ ಪ್ರೋಗ್ರಾಮಿನೊಳಗೆ ಒಂದು ಸಾಲು ಸೇರಿಸಿದೆ: ಯಂತ್ರಕ್ಕೆ ಹೋಗುವ ಪ್ರತಿಯೊಂದು ಆಜ್ಞೆಯನ್ನೂ ಪರದೆಯ ಮೂಲೆಯಲ್ಲಿ ಬರೆದು ತೋರಿಸು ಎಂದು. ಆಮೇಲೆ ಹೊನ್ನಮ್ಮ ಎಳೆದಂತೆಯೇ ಗುಂಡಿಯನ್ನು ಸರ್ರನೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಳೆದೆ. ಮೂಲೆಯಲ್ಲಿ ಸಾಲುಗಳು ಸುರಿಯತೊಡಗಿದವು. ಕೈ ತೆಗೆದು ಕೂತೆ, ಇನ್ನೂ ಸುರಿಯುತ್ತಿದ್ದವು.

ಆಗಿದ್ದು ಇಷ್ಟೆ. ಸ್ಲೈಡರನ್ನು ಎಳೆಯುವಾಗ, ಗುಂಡಿ ಒಂದು ಎಳ್ಳಿನಷ್ಟು ಜರುಗಿದರೂ ಅದು ಪ್ರೋಗ್ರಾಮಿಗೆ ಒಂದು ಸುದ್ದಿ ಕೊಡುತ್ತದೆ: "ನಾನು ಜರುಗಿದೆ." ನಾನು ಪ್ರತಿ ಸುದ್ದಿಗೂ ಒಂದೊಂದು ಆಜ್ಞೆಯನ್ನು ಯಂತ್ರಕ್ಕೆ ಕಳಿಸುತ್ತಿದ್ದೆ. ನಿಧಾನವಾಗಿ ಎಳೆದರೆ ಪರವಾಗಿಲ್ಲ. ಬೇಗ ಎಳೆದರೆ ಆಜ್ಞೆಗಳು ಸಾಲುಗಟ್ಟಿ ನಿಲ್ಲುತ್ತವೆ. ಪಾಪ, ಯಂತ್ರ ಪ್ರಾಮಾಣಿಕವಾಗಿ ಒಂದೊಂದನ್ನೇ ಪಾಲಿಸುತ್ತ ಬರುತ್ತದೆ. "ಇಳಿ" ಎಂಬ ಮಾತು ಸಾಲಿನ ಕೊನೆಯಲ್ಲಿ ನಿಂತು ತನ್ನ ಸರದಿ ಕಾಯುತ್ತಿರುತ್ತದೆ. ಅಷ್ಟರಲ್ಲಿ ತಂತಿ ಹೋಗಿರುತ್ತದೆ. ಹೊನ್ನಮ್ಮ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ತಪ್ಪು ತಿದ್ದಲು ಒಂದು ಗಂಟೆ ಸಾಕಾಯಿತು. ಎಳೆಯುವಾಗ ಏನೂ ಕಳಿಸಬೇಡ, ಗುಂಡಿಯಿಂದ ಕೈ ಬಿಟ್ಟ ಮೇಲೆ ಒಂದೇ ಆಜ್ಞೆ ಕಳಿಸು ಎಂದು ಬದಲಿಸಿದೆ. ಅದನ್ನು ಒಯ್ದು ಹಾಕಿ ಬರಲು ಮಾತ್ರ ಒಂದು ವಾರ ಹಿಡಿಯಿತು. ಬೇರೆ ಕೆಲಸವಿತ್ತು ಎಂದು ನನಗೇ ನಾನು ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಯಾರಿಗೂ ಗೊತ್ತಾಗದ ಹಾಗೆ ಇದನ್ನು ಮುಗಿಸುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಮೊದಲ ಕೆಲಸ, ಮೊದಲ ಗಿರಾಕಿ. "ಸ್ವಲ್ಪ ಇಂಪ್ರೂವ್ ಮಾಡಿದೀನಿ ಸಾರ್" ಎಂಬ ವಾಕ್ಯವನ್ನು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಉರು ಹೊಡೆದಿದ್ದೆ.

ಅದನ್ನು ಹೇಳಿದೆ ಕೂಡ. ಶ್ರೀಕಂಠಯ್ಯ ತಂತಿ ಪೋಣಿಸದೆ ತಾವೇ ಎಳೆದು ನೋಡಿ, "ಚೆನ್ನಾಗಾಗಿದೆ. ಸೋಮವಾರದಿಂದ ಹೊಸಬರೊಬ್ರು ಬರ್ತಾರೆ, ಅವರಿಗೆ ಹೇಳ್ಕೊಡಿ" ಅಂದರು. ನಾನು ತಲೆಯಾಡಿಸಿದೆ. ಶೆಡ್ಡಿನ ಆ ತುದಿಯಲ್ಲಿ, ಗೋಡೆ ಪಕ್ಕದ ಮೇಜಿನ ಮುಂದೆ ಹೊನ್ನಮ್ಮ ನಿಂತಿದ್ದರು. ಬೇರೆಯವರು ಸುತ್ತಿದ ಕಾಯಿಲ್‌ಗಳನ್ನು ಎಣಿಸಿ ರಟ್ಟಿನ ಡಬ್ಬಿಗೆ ತುಂಬುತ್ತಿದ್ದರು. ಒಂದು ಕಾಯಿಲನ್ನು ಬೆಳಕಿಗೆ ಹಿಡಿದು ನೋಡಿ, ತಂತಿಯ ಸುತ್ತು ಸರಿಯಿಲ್ಲವೆಂದೋ ಏನೋ, ಮುಖ ಹಿಂಡಿ, ಆದರೂ ಡಬ್ಬಿಗೆ ಹಾಕಿದರು. ಅದನ್ನು ಬೇಡ ಎನ್ನುವ ಅಧಿಕಾರ ಈಗ ಅವರಿಗಿರಲಿಲ್ಲ.

"ಸಾರ್, ಅವತ್ತು ತಪ್ಪು ಅವರದಲ್ಲ" ಅಂದೆ. "ನನ್ನ ಪ್ರೋಗ್ರಾಮಿಂದು. ಅವರು ಹೇಳಿದ್ದು ಸರಿಯಾಗೇ ಇತ್ತು."

ಶ್ರೀಕಂಠಯ್ಯ ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸಿದರು. ಬೈದುಬಿಟ್ಟಿದ್ದರೆ ಸಲೀಸಾಗಿರುತ್ತಿತ್ತು. ಅವರು ಶೆಡ್ಡಿನ ಆ ತುದಿಗೆ ಕೇಳುವಂತೆ, "ಹೊನ್ನಮ್ಮಾ, ಬನ್ನಿ ಇಲ್ಲಿ. ತಪ್ಪು ನಿಮ್ದಲ್ವಂತೆ" ಎಂದು ಕೂಗಿದರು. ಯಂತ್ರಗಳ ಮುಂದಿದ್ದವರೆಲ್ಲ ತಿರುಗಿ ನೋಡಿದರು.

ಹೊನ್ನಮ್ಮ ಬಂದು ನನ್ನ ಎದುರಿಗೆ ನಿಂತರು. "ನಾ ಅವತ್ತೇ ಯೋಳಿದ್ನಲ್ಲ" ಅಂದರು. ಆಮೇಲೆ, "ನಿಂಗ್ ಯಾವಾಗ ಗೊತ್ತಾಯ್ತು?"

ಅದುವರೆಗೆ ನಾನು ಅವರಿಗೆ "ಮೇಡಂ" ಆಗಿದ್ದೆ. ಆ ಕ್ಷಣದಿಂದ "ನೀನು" ಆದೆ.

"ಮಾರನೇ ದಿನಾನೇ."

"ಇವತ್ತಿಗೆ ವಾರ ಆಯ್ತು."

ಕ್ಷಮಿಸಿ ಎಂದೆ. ಅದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ, ಕುರ್ಚಿ ಎಳೆದು ಕೂತು, ಸೊಂಟದಿಂದ ಬಟ್ಟೆಯ ಚೂರು ತೆಗೆದು ತಂತಿ ಪೋಣಿಸತೊಡಗಿದರು.

ಅಲ್ಲಿಗೆ ಎಲ್ಲ ಸುಖಾಂತವಾಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಹೊನ್ನಮ್ಮ ಗುಂಡಿ ಎಳೆದರು, ಯಂತ್ರ ಸುಮ್ಮನಿತ್ತು. ಕೈ ಬಿಟ್ಟರು, ಯಂತ್ರ ಒಮ್ಮೆಲೇ ಎಗರಿ ಓಡಿತು. ತಂತಿ ಪಟ್ಟೆಂದಿತು.

"ಇದು ಅದ್ಕಿಂತ ಕೆಟ್ಟದಾಗದೆ ಕಣವ್ವ" ಅಂದರು. "ಎಳೀವಾಗ ನನ್ ಮಾತೇ ಕೇಳಲ್ಲ, ಕೈ ಬಿಟ್ರೆ ಒಂದೇ ಸಲ ಎಗರ್ತದೆ. ನೀನ್ ಯಾವತ್ತಾದ್ರೂ ತಂತಿ ಸುತ್ತಿದ್ದೀಯಾ?"

ಇಲ್ಲ ಎಂದೆ. ಅವರು ನನ್ನ ಕೈ ಹಿಡಿದು ಹಳೆಯ ಪೆಡಲ್ ಯಂತ್ರದ ಮುಂದೆ ಕೂರಿಸಿದರು. ಬಟ್ಟೆಯ ಚೂರನ್ನು ನನ್ನ ಬೆರಳುಗಳ ನಡುವೆ ಇಟ್ಟು, ತಂತಿ ಹಾಯಿಸಿ, ತಾವು ಪಕ್ಕದಿಂದ ಕಾಲು ಚಾಚಿ ಪೆಡಲ್ ಒತ್ತಿದರು. ತಂತಿ ನನ್ನ ಬೆರಳ ನಡುವೆ ಸಣ್ಣಗೆ ಹರಿಯತೊಡಗಿತು. ವೇಗ ಹೆಚ್ಚಿತು. "ಬೆಚ್ಚಗಾಯ್ತಾ? ಅಷ್ಟೇಯ. ಅದ್ಕಿಂತ ಬಿಸಿ ಆಗ್ಬಾರ್ದು. ಈಗ ನೋಡು, ನಡುಗ್ತದೆ. ನಡುಗುದ್ರೆ ಅದು ತುಂಡಾಯ್ತೀನಿ ಅಂತ ಯೋಳ್ತದೆ. ಆಗ ತಕ್ಷಣ ಇಳೀಬೇಕು, ಒಂದ್ ಗಳಿಗೆನೂ ತಡ ಮಾಡಂಗಿಲ್ಲ." ಮೂರು ಸಲ ತುಂಡು ಮಾಡಿ, ನಾಲ್ಕನೆಯ ಸಲ ನನಗೆ ಆ ನಡುಕ ಗೊತ್ತಾಯಿತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವಳಿಗೆ ಅದು ಬೆರಳ ತುದಿಯಲ್ಲಿ ಗೊತ್ತಾದ ಮೊದಲ ವಿಷಯವಿರಬೇಕು.

ಮುಂದಿನ ಎಂಟು ದಿನ ನಾನು ಆ ಶೆಡ್ಡಿನಲ್ಲೇ, ಹೊನ್ನಮ್ಮನವರ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಕೂತು ಪ್ರೋಗ್ರಾಂ ಬರೆದೆ. ಬಾಸ್ ಫೋನು ಮಾಡಿ "ಏನಮ್ಮಾ, ಪೀಣ್ಯದಲ್ಲೇ ಮನೆ ಮಾಡ್ಬಿಟ್ಯಾ?" ಎಂದು ಕೇಳಿದರು. ಏರುವಾಗ ಎಷ್ಟೇ ಎಳೆದರೂ ಯಂತ್ರ ಹಂತಹಂತವಾಗಿಯೇ ಏರಬೇಕು. ಇಳಿಯುವಾಗ ಹಿಂದಿನದೆಲ್ಲ ಮರೆತು ತಕ್ಷಣ ಇಳಿಯಬೇಕು. ಸಾಲಿನಲ್ಲಿ ಕಾದು ನಿಂತ ಹಳೆಯ ಆಜ್ಞೆಗಳನ್ನು ಎಸೆದುಬಿಡು, ಕೊನೆಯದೊಂದನ್ನೇ ಇಟ್ಟುಕೋ. ಈ ನಿಯಮಗಳೆಲ್ಲ ಹೊನ್ನಮ್ಮನವರವು, ಬರವಣಿಗೆ ಮಾತ್ರ ನನ್ನದು. ಬೆವರಿದ ಕೈಯಲ್ಲಿ ಮೌಸ್ ಜಾರುತ್ತದೆ ಎಂದು ಅವರೇ ಬಾಣದ ಕೀಗಳನ್ನು ಕೇಳಿದರು. ಒಮ್ಮೆ ಒತ್ತಿದರೆ ಒಂದೇ ಹೆಜ್ಜೆ. ಅದನ್ನು ಮಾಡಿಕೊಟ್ಟ ಮೇಲೆ ಮೌಸನ್ನು ಅವರು ಮುಟ್ಟಲೇ ಇಲ್ಲ, ಅದರ ಮೇಲೆ ಊಟದ ಡಬ್ಬಿಯ ಬಟ್ಟೆ ಒಣಹಾಕುತ್ತಿದ್ದರು.

ನಡುವೆ ಒಂದು ದಿನ ನಾನು ಅತಿಬುದ್ಧಿವಂತಿಕೆ ಮಾಡಿದೆ. ಯಂತ್ರದ ನಿಜವಾದ ವೇಗ ಎಷ್ಟಿದೆಯೋ ಅಲ್ಲಿಗೆ ಗುಂಡಿ ತಾನಾಗಿಯೇ ಬಂದು ನಿಲ್ಲುವಂತೆ ಬರೆದೆ. ಆದರೆ ಗುಂಡಿಯನ್ನು ಜರುಗಿಸಿದ್ದು ಮನುಷ್ಯರೋ ಪ್ರೋಗ್ರಾಮೋ ಎಂದು ಸ್ಲೈಡರಿಗೇನು ಗೊತ್ತು? ಅದು "ನಾನು ಜರುಗಿದೆ" ಎಂದು ಸುದ್ದಿ ಕೊಟ್ಟಿತು, ಪ್ರೋಗ್ರಾಂ ಯಂತ್ರಕ್ಕೆ ಆಜ್ಞೆ ಕೊಟ್ಟಿತು, ಯಂತ್ರದ ವೇಗ ಒಂಚೂರು ಆಚೀಚೆ ಆಯಿತು, ಅದನ್ನು ತೋರಿಸಲು ಗುಂಡಿ ಮತ್ತೆ ಜರುಗಿತು, ಮತ್ತೆ ಸುದ್ದಿ, ಮತ್ತೆ ಆಜ್ಞೆ. ಗುಂಡಿ ನಿಂತಲ್ಲೇ ಗಡಗಡ ನಡುಗತೊಡಗಿತು. "ಅಯ್ಯೋ, ಇದ್ಕೆ ಚಳಿಜ್ವರ ಬಂದದೆ!" ಎಂದು ಹೊನ್ನಮ್ಮ ಸೆರಗು ಬಾಯಿಗೊತ್ತಿ ನಕ್ಕರು. ಅವರು ನನ್ನೆದುರು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ. ತಿದ್ದಿದೆ.

ಒಂಬತ್ತನೆಯ ದಿನ ಸಂಜೆಯವರೆಗೆ ಒಂದೂ ತಂತಿ ತುಂಡಾಗಲಿಲ್ಲ. ಶ್ರೀಕಂಠಯ್ಯ ಎಲ್ಲರಿಗೂ ಜಹಾಂಗೀರ್ ತರಿಸಿದರು. ಹೊನ್ನಮ್ಮ ಮತ್ತೆ ಪ್ಯಾಕಿಂಗ್ ಮೇಜಿಗೆ ಹೋಗಲಿಲ್ಲ. ಹೊಸಬರು ಬಂದಾಗ ಅವರಿಗೆ ಹೇಳಿಕೊಟ್ಟದ್ದೂ ಹೊನ್ನಮ್ಮನವರೇ. ಮುಂದೆ ನಾನು ಕೆಲಸ ಬದಲಿಸಿದೆ, ಊರಿನ ಈ ತುದಿಗೆ ಬಂದೆ. ಈಗ ಬರೆಯುವುದೆಲ್ಲ ಬೇರೆ. ನನ್ನ ಪ್ರೋಗ್ರಾಂ ಬಳಸುವವರು ಎಲ್ಲಿದ್ದಾರೋ ಯಾರೋ, ಅವರ ಕೈಯಲ್ಲಿ ಏನು ತುಂಡಾಗುತ್ತಿದೆಯೋ ನನಗೆ ಕಾಣಿಸುವುದೇ ಇಲ್ಲ.

ಹೋದ ತಿಂಗಳು ಶ್ರೀಕಂಠಯ್ಯನವರ ಫೋನು ಬಂತು. ಆ ಹಳೆಯ ಕಂಪ್ಯೂಟರ್ ಕೊನೆಗೂ ಕೈಕೊಟ್ಟಿತಂತೆ, ಪ್ರೋಗ್ರಾಂ ಬೇರೆ ಕಂಪ್ಯೂಟರಿಗೆ ಹಾಕಿಕೊಡಲಾಗುತ್ತದೆಯೇ ಎಂದು ಕೇಳಿದರು. ಅದು ಇನ್ನೂ ನಡೆಯುತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಶನಿವಾರ ಮೆಟ್ರೋ ಹತ್ತಿ ಹೋಗಿ ಹಾಕಿಕೊಟ್ಟೆ. ಹೊನ್ನಮ್ಮ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ ಎಂದು ತಿಳಿದು, ವಿಳಾಸ ಕೇಳಿಕೊಂಡು ಲಗ್ಗೆರೆಗೂ ಹೋದೆ.

ಬಾಗಿಲಲ್ಲಿ ನಿಂತ ನನ್ನನ್ನು ಹೊನ್ನಮ್ಮ ಅರೆಗಳಿಗೆ ದಿಟ್ಟಿಸಿ, "ಬಾರವ್ವ ಒಳೀಕೆ, ತಲೆ ನೆರೆತುಬಿಟ್ಟದಲ್ಲ ನಿಂದು" ಅಂದರು. ಸೊಸೆ ಕಾಫಿ ತಂದಿಟ್ಟು, "ಯಾರತ್ತೆ ಇವ್ರು?" ಎಂದು ಕೇಳಿದಳು.

"ಇವ್ಳಾ? ಕಂಪ್ಯೂಟರ್ ಕೆಲ್ಸದೋಳು. ಇವ್ಳಿಗೆ ಕಂಪ್ಯೂಟರ್ ಯೋಳ್ಕೊಟ್ಟಿದ್ದು ನಾನೇಯ."

ಸೊಸೆ ಮುಜುಗರದಿಂದ ನನ್ನ ಕಡೆ ನೋಡಿದಳು. "ಅತ್ತೆ ಸುಮ್ನೆ ಏನಾದ್ರೂ ಹೇಳ್ತಿರ್ತಾರೆ ಮೇಡಂ."

"ಇಲ್ಲಮ್ಮ, ನಿಜ" ಅಂದೆ. "ಇವರೇ ಕಲಿಸಿದ್ದು."

ಹೊನ್ನಮ್ಮ ಅದನ್ನು ದೊಡ್ಡದು ಮಾಡಲಿಲ್ಲ. ನಿಪ್ಪಟ್ಟಿನ ಡಬ್ಬಿಯ ಮುಚ್ಚಳ ತೆಗೆಯುತ್ತ ಸೊಸೆಗೆ ಹೇಳಿದರು: "ಬಿರ್ರನೆ ಕಲ್ತ್ಲು, ಎಂಟೇ ದಿನ. ತಪ್ಪು ಒಪ್ಕೊಳಾಕೆ ಮಾತ್ರ ವಸಿ ತಡ ಮಾಡುದ್ಲು, ಅಷ್ಟೇಯ."

ಹಾಗೆಂದು ನನ್ನ ತಟ್ಟೆಗೆ ಇನ್ನೊಂದು ನಿಪ್ಪಟ್ಟು ಹಾಕಿದರು.